ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ರೋಗಿಗೆ ಹೊಂದುವಂಥ ಹೃದಯಾಘಾತ, ಪಾರ್ಶ್ವವಾಯು ನೀತಿ ಹೇಗಿರಬೇಕು?

ಎರಡಕ್ಕೂ ಒಂದೇ ದಾರಿ ಹಾಕಿದರೆ ಕೆಲಸ ಕೆಡುತ್ತದೆ. ಎದೆನೋವಿಗೆ ಮೊದಲ ಚಿಕಿತ್ಸೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಬೇಕು: 10 ನಿಮಿಷದೊಳಗೆ ಇಸಿಜಿ, ರಕ್ತನಾಳ ಪೂರ್ತಿ ಕಟ್ಟಿದ್ದು ಕಂಡರೆ, ರಕ್ತಸ್ರಾವದ ಅಪಾಯವಿಲ್ಲದವರಿಗೆ ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆಯ ಉಚಿತ ಟೆನೆಕ್ಟೆಪ್ಲೇಸ್ (ಹೆಪ್ಪು ಕರಗಿಸುವ ಚುಚ್ಚುಮದ್ದು), ಆಮೇಲೆ ಆಂಜಿಯೋಗ್ರಾಂಗೆ ರವಾನೆ.

ಪಾರ್ಶ್ವವಾಯುವಿಗೆ ಹಾಗಲ್ಲ. ಮೆದುಳಲ್ಲಿ ರಕ್ತಸ್ರಾವ ಇಲ್ಲವೆಂದು ಸಿಟಿ ಸ್ಕ್ಯಾನಿನಲ್ಲಿ ಖಾತ್ರಿಯಾಗದೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವಂತಿಲ್ಲ; ಅದೂ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ. ಬಾಯಿ ಸೊಟ್ಟಗಾದರೆ, ಕೈ ಸ್ವಾಧೀನ ತಪ್ಪಿದರೆ ಇಲ್ಲವೇ ಮಾತು ತೊದಲಿದರೆ 108 ಆಂಬುಲೆನ್ಸ್ ನೇರವಾಗಿ ಸಿಟಿ ಇರುವ ಆಸ್ಪತ್ರೆಗೇ ಹೋಗಬೇಕು. ರೋಗಿ ಕೊನೆಗೆ ಯಾವಾಗ ಸರಿಯಾಗಿದ್ದರು ಎಂಬುದನ್ನು ಸಿಬ್ಬಂದಿ ಬರೆದುಕೊಳ್ಳಬೇಕು. ನಿದ್ದೆಯಿಂದ ಎದ್ದಾಗಲೇ ಹೀಗಾಗಿದ್ದರೆ ರಾತ್ರಿ ಮಲಗಿದ ಹೊತ್ತೇ ಲೆಕ್ಕ, ಎಚ್ಚರವಾದ ಹೊತ್ತಲ್ಲ. ಇಲ್ಲೇ ಹೆಚ್ಚು ಎಡವುವುದು.

ಇವೆರಡೂ ಬಾರದಂತೆ ತಡೆಯಲು ಬೇಕಾದ ಬಿಪಿ ಮಾತ್ರೆಯನ್ನಂತೂ ಉಪಕೇಂದ್ರದಲ್ಲೇ 30 ದಿನದ್ದು ಒಟ್ಟಿಗೆ ಕೊಡಲಿ. ಕೂಲಿ ಬಿಟ್ಟು ವಾರವಾರ ಯಾರೂ ಬರುವುದಿಲ್ಲ.