ಎರಡನೇ ಸೀಸನ್ ಸಿಗದಿರಲು ಕಾರಣ

ಹೆಸರು ನೆನಪಿಲ್ಲದ ಒಂದು ಟಿವಿ ಹಾಸ್ಯ ಸರಣಿಯ ಎರಡನೇ ಸೀಸನ್ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ಅದು ಸಿಗದಿರಲು ಕಾರಣ, ಅದು ತಯಾರಾಗಲೇ ಇಲ್ಲ. ಕಥೆಯಲ್ಲಿ ಒಬ್ಬ ವಕೀಲ, ಅವನ ಹೊಸ ಹೆಂಡತಿ, ಇಬ್ಬರು ಮಾಜಿ ಹೆಂಡತಿಯರು, ಚೀನಾದಿಂದ ದತ್ತು ತಂದ ಪುಟ್ಟ ಹುಡುಗ ಎಂದಿದ್ದೀರಿ. ಇದು ಬಹುತೇಕ 'ಟ್ರೋಫಿ ವೈಫ್'. ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ 2013ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ 2014ರ ಮೇನಲ್ಲಿ ನಿಂತಿತು. ಒಟ್ಟು 22 ಕಂತು, ಅಷ್ಟೇ.

ಮೊದಲು ಪಾತ್ರವರ್ಗ ನೋಡಿ. ಹೊಸ ಹೆಂಡತಿ ಕೇಟ್ ಆಗಿ ಮಾಲಿನ್ ಆಕರ್ಮನ್, ವಕೀಲ ಪೀಟ್ ಆಗಿ ಬ್ರಾಡ್ಲಿ ವಿಟ್‌ಫರ್ಡ್ ಇದ್ದರೆ ಅದೇ. ಪುಟ್ಟ ಬರ್ಟ್ ಆಗಿ ಆಲ್ಬರ್ಟ್ ತ್ಸಾಯ್ ಇದ್ದಾನೆ. ಅವನನ್ನು ಒಮ್ಮೆ ನೋಡಿದವರು ಮರೆಯೋದು ಕಷ್ಟ. ಮೊದಲ ಹೆಂಡತಿ, ಸರ್ಜನ್ ಡಯಾನ್ ಆಗಿ ಮಾರ್ಶಿಯಾ ಗೇ ಹಾರ್ಡನ್ ಅಂತೂ ಅದ್ಭುತ. ಇಷ್ಟು ಬೇಗ ನಿಲ್ಲಬಾರದಿತ್ತು, ಅಲ್ವಾ?

ಆಮೇಲೆ ಹೆಸರಿನ ಜೊತೆ 2013 ಸೇರಿಸಿ ಹುಡುಕಿ. ಬರೀ ಹೆಸರು ಹಾಕಿದರೆ ಬೇರೆ ಏನೇನೋ ಜಾಸ್ತಿ ಬರುತ್ತದೆ. ಕಂತುಗಳ ಪಟ್ಟಿ 22ಕ್ಕೆ ಮುಗಿದರೆ ನಿಮ್ಮ ಹತ್ತಿರ ಪೂರ್ತಿ ಸರಣಿ ಇದೆ ಎಂದರ್ಥ.

ಮುಖಗಳು ಹೊಂದದಿದ್ದರೆ, ನೀವು ನೋಡಿದ್ದು 90ರ ದಶಕದ ಬೇರೆ ಸರಣಿ ಇರಬಹುದು. ಆಗ 'ಸಮ್‌ಥಿಂಗ್ ಸೋ ರೈಟ್' ನೋಡಿ: ಮೆಲ್ ಹ್ಯಾರಿಸ್, ಜೆರಿ ಬರ್ನ್ಸ್ ನಟಿಸಿದ್ದು, 1996ರಿಂದ 98ರವರೆಗೆ ಬಂತು.