ಭಾರ ಹೊತ್ತು ನಡೆಯುವಾಗ ಸೈನಿಕರ ಮೈಗೆ ಏನಾಗುತ್ತದೆ?

ಸೇನಾ ಭರ್ತಿಗೆಂದು 25 ಕೆಜಿ ಚೀಲ ಹೊತ್ತು ಚಿತ್ರದುರ್ಗದ ಕೋಟೆ ಹತ್ತಿದರೆ ಸೊಂಟ, ಮಂಡಿ ಯಾಕೆ ನೋಯುತ್ತವೆ ಎಂದು ಕೇಳಿದ್ದೀರಿ. ಚೀಲ ಮೈಯನ್ನು ಹಿಂದಕ್ಕೆ ಎಳೆಯುತ್ತದೆ, ಬೀಳದಿರಲು ಮೈ ಮುಂದಕ್ಕೆ ಬಾಗುತ್ತದೆ. ನೋವು ಶುರುವಾಗುವುದು ಅಲ್ಲಿಂದ.

ನಿಂತಾಗ ತೂಕದ ನಡುಬಿಂದು ಪಾದದ ನೇರಕ್ಕೆ ಇರಬೇಕು. ಬೆನ್ನಿಗೆ ಭಾರ ಏರಿದರೆ ಅದು ಹಿಂದಕ್ಕೆ ಸರಿಯುತ್ತದೆ. ಅದನ್ನು ಮತ್ತೆ ಪಾದದ ಮೇಲೆ ತರಲು ಸೊಂಟದಿಂದ ಬಾಗುತ್ತೇವೆ. ದಾವಣಗೆರೆಯಲ್ಲಿ ಮೆಕ್ಕೆಜೋಳದ ಚೀಲ ಹೊತ್ತ ಹಮಾಲರನ್ನು ನೋಡಿದ್ದೀರಿ ಅಲ್ವಾ? ಅದೇ ಭಂಗಿ. ಆದರೆ ಅವರು ಸ್ವಲ್ಪ ದೂರ ನಡೆದು ಚೀಲ ಇಳಿಸುತ್ತಾರೆ. ಸೈನಿಕರು ಗಂಟೆಗಟ್ಟಲೆ ಹಾಗೇ ನಡೆಯಬೇಕು. ಸೊಂಟದ ಸ್ನಾಯುಗಳಿಗೆ ಬಿಡುವೇ ಇಲ್ಲ.

ಕಾಲಿನ ಕಷ್ಟ ಬೇರೆ. ಪ್ರತಿ ಹೆಜ್ಜೆಗೂ ನೆಲ ಕಾಲನ್ನು ತಿರುಗಿ ಒತ್ತುತ್ತದೆ. ಭಾರ ಏರಿದಷ್ಟೂ ಆ ಒತ್ತಡ ಜಾಸ್ತಿ. ಒಂದು ಕಿಲೋಮೀಟರಿಗೆ ಸಾವಿರಕ್ಕೂ ಹೆಚ್ಚು ಹೆಜ್ಜೆ. ಮೂಳೆಗೆ ಸುಧಾರಿಸಿಕೊಳ್ಳಲು ಸಮಯ ಸಿಗದಿದ್ದರೆ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ, ಪಾದದ ಮೂಳೆಗಳಲ್ಲಿ ಕೂದಲೆಳೆಯಂಥ ಬಿರುಕು ಬರಬಹುದು. ತರಬೇತಿಗೆ ಹೊಸದಾಗಿ ಸೇರಿದವರಲ್ಲಿ ಇದು ಹೆಚ್ಚು. ಭುಜದ ಪಟ್ಟಿ ನರವನ್ನು ಒತ್ತಿದರೆ ಕೈ ಜೋಮು ಹಿಡಿಯುತ್ತದೆ. ಸೊಂಟದ ಪಟ್ಟಿ ಬಿಗಿದರೆ ಭಾರ ಸೊಂಟಕ್ಕೆ ಇಳಿದು ಭುಜ ಹಗುರಾಗುತ್ತದೆ.

ಬೂಟಿನ ತೂಕವನ್ನೂ ನೋಡಿ. ಪಾದದಲ್ಲಿನ 1 ಕೆಜಿ, ಬೆನ್ನ ಮೇಲಿನ ಸುಮಾರು 5 ಕೆಜಿಯಷ್ಟು ದಣಿಸುತ್ತದೆ. ಅದನ್ನು ಪ್ರತಿ ಹೆಜ್ಜೆಗೂ ಎತ್ತಿ ಬೀಸಬೇಕಲ್ಲ!

ದಯವಿಟ್ಟು ಶುರುವಿಗೇ 25 ಕೆಜಿ ಬೇಡ. ಕಡಿಮೆ ತೂಕದಿಂದ ಆರಂಭಿಸಿ, ವಾರಗಳ ಮೇಲೆ ಏರಿಸಿ. ಮೆಟ್ಟಿಲು ಇಳಿಯುವಾಗ ನಿಧಾನ, ಮಂಡಿಗೆ ಜಾಸ್ತಿ ಏಟು ಬೀಳುವುದು ಆಗಲೇ.