ಕೆರೆಯ ಅರ್ಧ ಭಾಗದಲ್ಲಿ ಮೀನುಗಾರಿಕೆ ನಿಲ್ಲಿಸಿದರೆ ಮೀನು ಹೆಚ್ಚುತ್ತದೆಯೇ?

ಸಮುದ್ರದ ಹವಳದ ದಿಬ್ಬದ ಒಂದು ಭಾಗದಲ್ಲಿ ಮೀನುಗಾರಿಕೆ ನಿಲ್ಲಿಸಿದರೆ ಸುತ್ತಲೂ ಮೀನು ಹೆಚ್ಚುತ್ತದಂತೆ, ಶಿರಾ ಕಡೆಯ ನಮ್ಮ ಕೆರೆಗೂ ಆ ಉಪಾಯ ಆದೀತೇ ಎಂದು ಕೇಳಿದ್ದೀರಿ.

ಸಮುದ್ರದ ಮಾತು ನಿಜ. ಹಿಡಿಯದೆ ಬಿಟ್ಟ ಮೀನು ದೊಡ್ಡದಾಗುತ್ತದೆ. ಒಂದು ದೊಡ್ಡ ಹೆಣ್ಣು ಮೀನು ಹಲವು ಸಣ್ಣವು ಸೇರಿ ಇಡುವುದಕ್ಕಿಂತ ಹೆಚ್ಚು ಮೊಟ್ಟೆ ಇಡಬಲ್ಲದು. ಮರಿಗಳು ಪ್ರವಾಹದಲ್ಲಿ ತೇಲಿ ಹೊರಗಿನ ದಿಬ್ಬಗಳನ್ನೂ ಸೇರುತ್ತವೆ. ಮೆಕ್ಸಿಕೊದ ಕಾಬೊ ಪುಲ್ಮೊ ಎಂಬ ಹವಳದ ದಿಬ್ಬದ ಜಾಗ 1995ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1999ರಿಂದ 2009ರೊಳಗೆ ಅಲ್ಲಿನ ಮೀನಿನ ಒಟ್ಟು ತೂಕ ನಾಲ್ಕು ಪಟ್ಟಿಗೂ ಮೀರಿ ಬೆಳೆಯಿತು. ಕಾವಲು ಕಾದವರು ಊರಿನವರೇ, ಅದನ್ನು ಮರೆಯಬೇಡಿ.

ಕೆರೆಯ ಲೆಕ್ಕ ಬೇರೆ. ನೀವು ಬಿಡುವ ಕಾಟ್ಲಾ, ರೋಹು ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. ಅವಕ್ಕೆ ಮಳೆಗಾಲದ ಹರಿಯುವ ನೀರು ಬೇಕು. ಅರ್ಧ ಕೆರೆಯಲ್ಲಿ ಮೀನು ಹಿಡಿಯದೆ ಬಿಟ್ಟರೂ ಮರಿ ತಂದು ಬಿಡುವುದು ತಪ್ಪದು. ಅದರ ಬದಲು ಸಣ್ಣ ಕಣ್ಣಿನ ಬಲೆ ಬಳಸುವುದನ್ನು ಬಿಡಿ, ಬಿಟ್ಟ ಮರಿಯಾದರೂ ತೂಕಕ್ಕೆ ಬರಲಿ.